ಅಲಾಯಿ ಕುಣಿಯ ಕೆಳಗೆ ಹಾದ ಕೇಬಲ್ಲು

ನನಗೆ ಸಿಟ್ಟು ಮೂಗಿನ ತುದಿಯ ಮೇಲೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಶಿರಹಟ್ಟಿ ತಾಲ್ಲೂಕಿನ ನಮ್ಮ ಸಣ್ಣ ಊರಿನಲ್ಲಿ ಯಾರನ್ನು ಕೇಳಿದರೂ ನನ್ನ ಬಗ್ಗೆ ಮೊದಲು ಇದನ್ನೇ ಹೇಳುತ್ತಾರೆ. ಆದರೆ ಸೊಸೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನನ್ನ ಸಿಟ್ಟನ್ನು ಇಡಲು ಇಲ್ಲಿ ಜಾಗವೇ ಇರಲಿಲ್ಲ. ಒಲೆಯ ಮುಂದಿನಿಂದ ಹಿತ್ತಲಿನ ತನಕ ಎಲ್ಲ ಕಡೆಯೂ ನಮ್ಮ ಅತ್ತೆಯ ದನಿ ತುಂಬಿರುತ್ತಿತ್ತು. ಅವರು ಕಟ್ಟೆಯ ಮೇಲೆ ನಿಂತು ಎಮ್ಮೆಯನ್ನು ಕರೆದರೆ ಆಚೆ ಓಣಿಯ ಗಂಡಸರು ತಮ್ಮನ್ನೇ ಕರೆದರೇನೋ ಎಂದು ತಿರುಗಿ ನೋಡುತ್ತಿದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಅತ್ತೆಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು.

ನನ್ನ ಜೊತೆ ಯಾವುದಕ್ಕೆ ಜಗಳ ತೆಗೆದಿಲ್ಲ ಅವರು! ಉಪ್ಪು ಹೆಚ್ಚಾಯಿತು ಎಂದು, ಕಡಿಮೆಯಾಯಿತು ಎಂದು, ನಾನು ಎದುರು ಮಾತಾಡಿದೆ ಎಂದು, ಮಾತಾಡದೆ ಮುಖ ತಿರುಗಿಸಿದೆ ಎಂದು. ಆದರೆ ನನಗೆ ಮೊದಲ ಹೆರಿಗೆ ಕಷ್ಟವಾದಾಗ ದವಾಖಾನೆಯ ಪಡಸಾಲೆಯಲ್ಲಿ ನಿಂತು, "ನನ್ನ ಸೊಸೀನ ಮದ್ಲ ನೋಡ್ರಿ, ಆಮ್ಯಾಲೆ ಕೂಸಿನ ಮಾತು" ಎಂದು ಗದ್ದಲ ಎಬ್ಬಿಸಿದ್ದೂ ಅದೇ ಬಾಯಿ. ಆ ಬಾಯಿಗೆ ನಾನು ಹೆದರಿದ್ದೇನೆ, ರೇಗಿದ್ದೇನೆ, ಅದರ ಆಸರೆಯಲ್ಲೇ ಇಷ್ಟು ವರ್ಷ ಬಾಳಿದ್ದೇನೆ.

ಒಂದು ವರ್ಷ ದೀಪಾವಳಿ ಮುಗಿದ ಮೇಲೆ, ಒಂದು ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯುತ್ತ ಕೂತಿದ್ದರು. ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ರೊಟ್ಟಿಯ ಸಪ್ಪಳ ನಿಂತಿತು. ತಿರುಗಿ ನೋಡಿದರೆ ಅವರ ಬಲಗೈ ಹಿಟ್ಟಿನ ಮೇಲೆ ಹಾಗೇ ಬಿದ್ದಿತ್ತು, ಬಾಯಿ ಒಂದು ಕಡೆ ಎಳೆದಿತ್ತು. ಏನೋ ಹೇಳಲು ಹೋದರು. "ತಾ" ಎಂದರು. ಮತ್ತೆ "ತಾ, ತಾ" ಎಂದರು. ಲಕ್ವಾ ಹೊಡೆದಿತ್ತು.

ಗದಗಿನ ದವಾಖಾನೆಯಲ್ಲಿ ಜೀವ ಉಳಿಯಿತು. ಸ್ವಲ್ಪ ದಿನಕ್ಕೆ ಗೋಡೆ ಹಿಡಿದು ನಡೆಯುವಂತಾದರು. ಎಡಗೈಯಲ್ಲಿ ಉಣ್ಣುವುದನ್ನು ಕಲಿತರು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ತಲೆಯೊಳಗೆ ಎಲ್ಲ ಇತ್ತು. ಬಾಯಿಗೆ ಮಾತ್ರ "ತಾ" ಬಿಟ್ಟು ಬೇರೆ ಬರುತ್ತಿರಲಿಲ್ಲ. ನೀರು ಬೇಕಾದರೂ ತಾ, ಎಮ್ಮೆ ಹಗ್ಗ ಹರಿದುಕೊಂಡರೂ ತಾ, ನನ್ನ ಮೇಲೆ ಸಿಟ್ಟು ಬಂದರೂ ತಾ. ತಮ್ಮ ಬಾಯಿಂದ ಬಂದದ್ದು ತಾವು ಅಂದುಕೊಂಡದ್ದಲ್ಲ ಎಂದು ಗೊತ್ತಾದ ಕೂಡಲೇ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ನೋಡಲು ಬಂದ ಹೆಂಗಸೊಬ್ಬಳು ಚಹಾ ಕುಡಿದು ಲೋಟ ಕೆಳಗಿಡುತ್ತ, "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರಲ್ಲ. ಇನ್ನ ನಿಂದ ಕಾರಬಾರ ನೋಡು" ಎಂದಳು. ಅತ್ತೆ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು.

"ನಿನ್ನ ಬಾಯಿಗೆ ನನ್ನ ಕೆರ ಹಾಕ್ಲಿ! ಚಹಾ ಕುಡದಿ, ಆತು, ಏಳಿನ್ನ" ಎಂದೆ ನಾನು. ಅವಳು ಎದ್ದು ಹೋದಳು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರಿದ್ದಿದ್ದರೆ ಇದನ್ನೇ ಇನ್ನೂ ಚಂದಾಗಿ ಬೈಯುತ್ತಿದ್ದರು ಅನ್ನಿಸಿತು. ಇದ್ದಾರೆ, ಎದುರಿಗೇ ಕೂತಿದ್ದಾರೆ, ಆದರೂ ಹಾಗೆ ಅನ್ನಿಸಿತು.

ಹೋದ ಮಾತನ್ನು ಮತ್ತೆ ಕಲಿಸಬಹುದು ಎಂದು ಡಾಕ್ಟರು ಹೇಳಿದ್ದರು. ಮೊದಲ ಕೆಲವು ತಿಂಗಳು ಬಹಳ ಮುಖ್ಯ, ದಿನಾ ಕಲಿಸಬೇಕು, ನಡುವೆ ಬಿಡಬಾರದು ಎಂದಿದ್ದರು. ಅದನ್ನು ಕಲಿಸುವವರು ಇದ್ದದ್ದು ಹುಬ್ಬಳ್ಳಿಯಲ್ಲಿ. ಸಣ್ಣ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯಲ್ಲಿ ಮಾತ್ರ ಮುದುಕಿ. ನಾವು ಆಕೆಯನ್ನು ಮಾತಿನ ಟೀಚರ್ ಎಂದೇ ಕರೆದೆವು. ಊರಿಂದ ಶಿರಹಟ್ಟಿಗೆ ಟಂಟಂ, ಅಲ್ಲಿಂದ ಗದಗಿಗೆ ಬಸ್ಸು, ಗದಗಿನಿಂದ ಹುಬ್ಬಳ್ಳಿಗೆ ಇನ್ನೊಂದು ಬಸ್ಸು. ಅತ್ತೆಗೆ ಬಸ್ಸಿನಲ್ಲಿ ವಾಂತಿ. ಅಲ್ಲಿ ಮುಟ್ಟುವ ಹೊತ್ತಿಗೆ ಅವರಿಗೆ ಕಣ್ಣು ತೆರೆಯುವುದಕ್ಕೂ ತ್ರಾಣ ಇರುತ್ತಿರಲಿಲ್ಲ, ಇನ್ನು ಬಾಯಿ ತೆರೆಯುವುದೆಲ್ಲಿ ಬಂತು!

ಟೀಚರ್ ತಾನೇ ಒಂದು ದಾರಿ ಹೇಳಿದಳು. "ಅಜ್ಜೀನ ಇಷ್ಟು ದೂರ ಯಾಕ ದಣಸ್ತೀರಿ? ವಿಡಿಯೋದಾಗ ಮಾಡೂಣು. ದಿನಾ ಮುಂಜಾನೆ ನಾ ಕುಂಡ್ರತೀನಿ."

ಮಾಡಿದೆವು. ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ಲು ಸಿಗುವುದು ಅಂಗಳದ ಬೇವಿನ ಗಿಡದ ಕೆಳಗೆ ಮಾತ್ರ. ಅಲ್ಲೇ ಹೊರಸು ಹಾಕಿ ಅತ್ತೆಯನ್ನು ಕೂಡಿಸಿದೆ. ಟೀಚರ್ "ಪಾ" ಅನ್ನಲು ತುಟಿ ಮುಚ್ಚುತ್ತಿದ್ದಳು, ಚಿತ್ರ ಅಲ್ಲೇ ನಿಂತುಬಿಡುತ್ತಿತ್ತು. ಮುಚ್ಚಿದ ತುಟಿ ಮುಚ್ಚಿದಂತೆಯೇ ಇರುವಾಗ "ಪಾ" ಎಂಬ ದನಿ ಎಲ್ಲಿಂದಲೋ ಬರುತ್ತಿತ್ತು. ಚಿತ್ರ ಅಲುಗುವ ಹೊತ್ತಿಗೆ ಅವಳು "ಮಾ"ಕ್ಕೆ ಹೋಗಿರುತ್ತಿದ್ದಳು. ಯಾವ ಬಾಯಿಗೆ ಯಾವ ದನಿ ಎಂದು ಒಳ್ಳೆಯ ತಲೆ ಇದ್ದ ನನಗೇ ತಿಳಿಯುತ್ತಿರಲಿಲ್ಲ. ಅತ್ತೆ ಸ್ವಲ್ಪ ಹೊತ್ತು ನೋಡಿ, ಎಡಗೈಯಿಂದ ಮೊಬೈಲನ್ನು ಬೋರಲು ಹಾಕಿಬಿಟ್ಟರು.

"ತುಟಿ ಕಾಣೂದು ದನಿ ಕೇಳೂದು ಕೂಡೇ ಆಗ್ಬೇಕ್ರಿ. ಇಲ್ಲಂದ್ರ ಅವರಿಗೆ ಇನ್ನೂ ಗೊಂದಲ ಆಗತೈತಿ" ಎಂದಳು ಟೀಚರ್. ನನ್ನ ತಲೆ ಮೊಸರ ಗಡಿಗೆಯಾಯಿತು. ದಿನಗಳು ಹೋಗುತ್ತಿದ್ದವು.

ಸಂಕ್ರಾಂತಿ ಮುಗಿದ ಮೇಲೆ ಊರಿಗೆ ಕಿತ್ತಳೆ ಬಣ್ಣದ ಪೈಪಿನ ದೊಡ್ಡ ದೊಡ್ಡ ಸುರುಳಿಗಳು ಬಂದು ಬಿದ್ದವು. ದೇಶದ ಊರೂರಿಗೂ ಜೋರು ಇಂಟರ್ನೆಟ್ಟು ಹಾಕುತ್ತಾರೆ, ನಮ್ಮೂರಿಗೂ ಬರುತ್ತದೆ ಎಂದು ಪಂಚಾಯ್ತಿಯಲ್ಲಿ ಬಹಳ ದಿನದಿಂದ ಹೇಳುತ್ತಲೇ ಇದ್ದರು. ನಾನು ನಂಬಿರಲಿಲ್ಲ. ಇಂಥ ಯೋಜನೆಗಳು ಗದಗಿನಲ್ಲಿ ಚಹಾ ಕುಡಿದು, ಶಿರಹಟ್ಟಿಯಲ್ಲಿ ಕಾಲು ಚಾಚಿ, ನಮ್ಮೂರಿನ ಬೋರ್ಡು ಕಾಣುವ ಹೊತ್ತಿಗೆ ದಣಿದುಬಿಡುತ್ತವೆ ಎಂಬುದು ನನ್ನ ಅನುಭವ. ಆದರೆ ಇದು ದಣಿಯಲಿಲ್ಲ. ಬೆಳ್ಳಟ್ಟಿ ರಸ್ತೆಯ ಬದಿಯಲ್ಲಿ ತಗ್ಗು ತೋಡುತ್ತ ತೋಡುತ್ತ ಕೂಲಿಯವರು ನಮ್ಮ ಓಣಿಗೇ ಬಂದರು.

ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದು ನಿಂತೆವು. "ನಳದ ಪೈಪೇನ್ರಿ ಇದು? ನೀರು ಯಾವಾಗ ಬಿಡ್ತೀರಿ?" ಎಂದು ಒಬ್ಬಳು ಕೇಳಿದಳು.

"ಇದರಾಗ ನೀರು ಬರೂದಿಲ್ಲವ್ವಾ, ನೆಟ್ ಬರತೈತಿ" ಎಂದ ಕೂಲಿಯವರ ಮುಖ್ಯಸ್ಥ.

"ಅಯ್ಯ ಶಿವನ! ಅದು ಗಾಳ್ಯಾಗ ಬರತೈತಿ ಅಂತಿದ್ರು?"

"ಗಾಳ್ಯಾಗ ಬರೂದು ನಿಮಗ ಹತ್ತವಲ್ದು. ನೆಲದಾಗ ಹಾಕಾಕ ಹತ್ತೇವಿ" ಎಂದ. ನನಗೆ ಆ ಮಾತು ಹಾಲು ಕುಡಿದಷ್ಟು ಹಿತವಾಯಿತು.

ನಮ್ಮ ಓಣಿಯ ನೆಲ ಗರಸು. ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಕೂಲಿಯವರು ಬೆವರು ಸುರಿಸುತ್ತಿದ್ದುದನ್ನು ನೋಡಿ ಪಕ್ಕದ ಮನೆಯ ಕಾಕಾಗೆ ಮರುಕ ಬಂತು. ಈ ಕಾಕಾ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಓಣಿಯ ತುದಿಯಲ್ಲಿರುವ ಮಸೂತಿಯ ಉಸ್ತುವಾರಿಯೂ ಅವರದೇ. ಅವರು ಹಿಂಜಿದ ಹತ್ತಿಯ ಎಳೆ ಹಾರಿ ಬಂದು ನಮ್ಮ ಸಂಡಿಗೆಯ ಮೇಲೆ ಕೂರುತ್ತದೆ ಎಂದು ನಮ್ಮ ಅತ್ತೆ ಪ್ರತಿ ಬೇಸಿಗೆ ಅವರ ಜೊತೆ ಕಾದಾಡಿದ್ದರು. ಕಾಕಾ ಅತ್ತೆಯನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾರೆ. "ವೈನಿ, ಸಂಡಿಗಿ ಮೆತ್ತಗಾದಾವಂತ ಖುಷಿ ಪಡ್ರಿ" ಎಂದು ನಗಿಸಿ ಜಗಳ ಮುಗಿಸುತ್ತಿದ್ದರು.

ಆ ದಿನ ಕಾಕಾ ಕೂಲಿಯವರ ಹತ್ತಿರ ಹೋಗಿ, "ಅಲ್ಲಿ ಯಾಕ ಕಲ್ಲಿನ ಕೂಡ ಗುದ್ದಾಡ್ತೀರಪಾ? ಇಲ್ಲೆ ಮಸೂತಿ ಮುಂದಿಂದ ಹಾಸಿ ಬರ್ರಿ, ಮಣ್ಣು ಬೆಣ್ಣಿ ಆಗೈತಿ" ಎಂದರು. ಖರೆಯೇ. ಅಲ್ಲಿ ಗುದ್ದಲಿ ಸಲೀಸಾಗಿ ಇಳಿಯಿತು. ಕೂಲಿಯವರು ಕೈಮುಗಿದರು. ಜಲ್ದಿ ಜಲ್ದಿ ಪೈಪು ಇಳಿಸಿ ಮಣ್ಣು ಮುಚ್ಚಿದರು. ಆ ಮಣ್ಣು ಅಲ್ಲಿ ಮಾತ್ರ ಯಾಕೆ ಅಷ್ಟು ಮೆತ್ತಗಿದೆ ಎಂಬುದು ಅಲ್ಲಿ ನಿಂತ ಒಬ್ಬರಿಗೂ ಹೊಳೆಯಲಿಲ್ಲ. ಕಾಕಾಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಪಂಚಾಯ್ತಿಗೆ ಲೈನು ಮುಟ್ಟಿತು. ಆಮೇಲೆ ಶಾಲೆಗೆ, ರೇಶನ್ ಅಂಗಡಿಗೆ. ಬೇಕಾದ ಮನೆಗಳಿಗೂ ಕೊಡುತ್ತಾರೆ ಎಂಬ ಖಬರು ಬಂದದ್ದೇ ತಡ, ನಾನು ಲಕ್ಷ್ಮೇಶ್ವರದಿಂದ ಬರುವ ಕೇಬಲ್ಲಿನವನ ಬೆನ್ನು ಹತ್ತಿದೆ. "ಅಕ್ಕಾರ, ನಿಮ್ಮ ಕಾಟಕ್ಕ ನಿಮ್ಮ ಮನೀಗೇ ಮದ್ಲ ಕೊಡತೇನಿ" ಎಂದು ಅವನು ನಗುತ್ತ ಬಂದು, ಪಡಸಾಲೆಯ ಗೋಡೆಗೆ ಒಂದು ಬಿಳಿ ಡಬ್ಬಿ ಹೊಡೆದು ಹೋದ. ಅದರಲ್ಲಿ ಹಸಿರು ದೀಪ ಹತ್ತಿತು. ನಾನು ಯಾರಿಗೂ ಕಾಣದಂತೆ ಅದಕ್ಕೆ ಒಂದು ಬೊಟ್ಟು ಕುಂಕುಮ ಹಚ್ಚಿದೆ. ನಮ್ಮ ಯಜಮಾನರು ಸಂಜೆ ಬಂದು ನೋಡಿ, "ಇದಕ್ಕೂ ಪೂಜಿ ಆತನು?" ಎಂದು ನಕ್ಕರು. ನಗಲಿ ಬಿಡು.

ಮರುದಿನ ಮುಂಜಾನೆ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಟೀಚರ್ ಬಂದಳು. ಎಂಥ ಚಿತ್ರ ಅದು! ಅವಳ ಮೂಗುಬಟ್ಟಿನ ಹರಳು ಕಾಣುತ್ತಿತ್ತು. ತುಟಿ ಮುಚ್ಚಿತು, ತೆರೆಯಿತು, "ಪಾ" ಎಂದಿತು, ಎಲ್ಲ ಒಂದೇ ಗಳಿಗೆಯಲ್ಲಿ. ಅತ್ತೆ ಮುಂದಕ್ಕೆ ಬಾಗಿದರು. ತಮ್ಮ ತುಟಿಗಳನ್ನು ಒತ್ತಿದರು, ಅವು ನಡುಗಿದವು, "ತಾ" ಎಂದರು. ಟೀಚರ್ ಮತ್ತೆ ಮಾಡಿದಳು. ಮತ್ತೆ ಮಾಡಿದಳು. ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಅತ್ತೆಯ ಬಾಯಿಂದ "ಪಾ" ಬಂತು. ತಮ್ಮದೇ ದನಿಗೆ ತಾವೇ ಬೆಚ್ಚಿ ನನ್ನ ಕಡೆ ನೋಡಿದರು. "ಬಂತ್ರಿ ಅತ್ತೀ, ಬಂತು!" ಎಂದು ನಾನು ಕೂಗಿದ ಹೊಡೆತಕ್ಕೆ ಕಾಕಾ ಗಾದಿ ಹೊಲಿಯುವ ಸೂಜಿ ಹಿಡಿದುಕೊಂಡೇ ಓಡಿ ಬಂದರು.

ಅಲ್ಲಿಂದ ನಮ್ಮ ಪಡಸಾಲೆ ಒಂದು ಶಾಲೆಯಾಯಿತು. ಓಣಿಯ ಹೆಂಗಸರು ಕೆಲಸ ಮುಗಿಸಿ ಬಂದು ಅತ್ತೆಯ ಹಿಂದೆ ಕೂರುತ್ತಿದ್ದರು. ಟೀಚರ್ "ನೀರು" ಎಂದರೆ ಎಲ್ಲರೂ ಕೂಡಿ "ನೀರು" ಎನ್ನುತ್ತಿದ್ದರು. "ನಿಮಗೆಲ್ಲಾ ಬಾಯಿ ಬರತೈತಿ, ಸುಮ್ಮ ಕುಂಡ್ರಿ" ಎಂದು ನಾನು ಗದರುತ್ತಿದ್ದೆ. ಪಾ ಆಯಿತು, ಮಾ ಆಯಿತು, ನೀರು ಬಂತು, ರೊಟ್ಟಿ ಬಂತು, ಎಮ್ಮಿ ಬಂತು. ಟೀಚರ್ ಹೇಳಿದ್ದನ್ನು ಅತ್ತೆ ಕಷ್ಟಪಟ್ಟು ಹೇಳುತ್ತಿದ್ದರು. ನಾನು ಹಿಗ್ಗಿ ಹೀರೆಕಾಯಿಯಾಗಿದ್ದೆ.

ಆದರೆ ಟೀಚರ್ ಒಂದು ದಿನ ನನಗೊಬ್ಬಳಿಗೇ ಫೋನು ಮಾಡಿ ಹೇಳಿದಳು. "ಅಕ್ಕಾರ, ನಾವು ಹೇಳಿದ್ದನ್ನ ಹೊಳ್ಳಿ ಹೇಳೂದು ಇನ್ನೂ ಮಾತಲ್ರಿ. ನಾವು ಏನರ ಕೇಳಿದ್ರ, ತಮ್ಮ ಮನಸಿನಾಗಿಂದು ತಾವ ಹೇಳ್ಬೇಕು. ಅದೊಂದು ದಿನ ಬಂತಂದ್ರ ದಾರಿ ತೆರೀತು ಅಂತ ತಿಳೀರಿ. ಇನ್ನೊಂದು ಮಾತು, ಸಿಟ್ಟಿಗೇಳಬ್ಯಾಡ್ರಿ. ನಾ ಅಜ್ಜಿಗೆ ಕೇಳಿದ್ರ ನೀವ ಉತ್ತರಾ ಕೊಡ್ತೀರಿ."

ಸಿಟ್ಟು ಬಂದೇ ಬಂತು. ಆದರೆ ಅವಳು ಹೇಳಿದ್ದು ಸುಳ್ಳಲ್ಲ. "ಊಟ ಆತೇನ್ರಿ ಅಜ್ಜಿ?" ಎಂದು ಅವಳು ಕೇಳುವುದರೊಳಗೆ "ಆತ್ರಿ, ರೊಟ್ಟಿ ಪಲ್ಲೆ" ಎಂದು ನಾನು ಹೇಳಿಬಿಡುತ್ತಿದ್ದೆ. ಅತ್ತೆ ತೆರೆದ ಬಾಯಿ ಮುಚ್ಚುತ್ತಿದ್ದರು. ಆವತ್ತಿನಿಂದ ಸುಮ್ಮನಿರಲು ಪ್ರಯತ್ನಪಟ್ಟೆ. ಟೀಚರ್ ಕೇಳುತ್ತಿದ್ದಳು, ಅತ್ತೆ ಬಾಯಿ ತೆರೆಯುತ್ತಿದ್ದರು, ಏನೂ ಬರುತ್ತಿರಲಿಲ್ಲ. ಅವರ ಮನಸ್ಸಿನೊಳಗಿನ ಒಂದು ಮಾತು, ಒಂದೇ ಒಂದು, ಹೊರಗೆ ಬರಲಿ ಎಂದು ನಾನು ಕಾಯುತ್ತಿದ್ದೆ. ಅದು ಇನ್ನೇನು ಬಂದೀತು ಎನ್ನುವ ಹೊತ್ತಿಗೆ ಮೊಹರಂ ಬಂತು.

ನಮ್ಮ ಕಡೆಯ ಮೊಹರಂ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇದು ಇಡೀ ಊರಿನ ಹಬ್ಬ. ಮಸೂತಿಯಲ್ಲಿ ಪಂಜಾ ದೇವರು ಕೂರಿಸುವುದು ಕಾಕಾನ ಮನೆತನದವರು, ಕಟ್ಟಿಗೆ ಕೊಡುವುದು ನಮ್ಮ ಮನೆತನ. ಹರಕೆ ಹೊತ್ತು ಕೊರಳಿಗೆ ಕೆಂಪು ಹಸಿರು ದಾರದ ಲಾಡಿ ಹಾಕಿಕೊಂಡು ಫಕೀರರಾಗುವವರಲ್ಲಿ ಲಿಂಗ ಕಟ್ಟಿದವರೂ ಇರುತ್ತಾರೆ. ಚಂದ್ರ ಕಂಡ ಸಂಜೆ ಮಸೂತಿಯ ಮುಂದೆ ಅಲಾಯಿ ಕುಣಿಗೆ, ಅಂದರೆ ಬೆಂಕಿಯ ತಗ್ಗಿಗೆ, ಗುದ್ದಲಿ ಹಾಕುತ್ತಾರೆ. ಅಲ್ಲಿ ಬೆಂಕಿ ಉರಿಯುತ್ತದೆ, ಅದರ ಸುತ್ತ ಹೆಜ್ಜೆ ಕುಣಿಯುತ್ತಾರೆ. ಕಡೆಯ ದಿನ ದೇವರು ಹೊಳೆಗೆ ಹೋದ ಮೇಲೆ ಕುಣಿ ಮುಚ್ಚುತ್ತಾರೆ. ಮುಚ್ಚಿದ ಮೇಲೆ ವರ್ಷವಿಡೀ ಅದು ಕುಣಿಯಲ್ಲ, ಬರೀ ನೆಲ. ಅದರ ಮೇಲೆ ಟ್ರ್ಯಾಕ್ಟರ್ ಹೋಗುತ್ತದೆ, ಕೋಳಿ ಕೆದರುತ್ತವೆ. ಮತ್ತೆ ಚಂದ್ರ ಕಾಣುವ ತನಕ ಅಲ್ಲೊಂದು ಕುಣಿ ಇದೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. ತಲೆತಲಾಂತರದಿಂದ ಅಗೆದು ಮುಚ್ಚಿ, ಅಗೆದು ಮುಚ್ಚಿ, ಆ ಮಣ್ಣು ಬೆಣ್ಣೆಯಾಗಿತ್ತು.

ಆ ಸಂಜೆ ಚಂದ್ರ ಕಂಡ. ಹಲಗೆ ಬಾರಿಸಿದರು. ಕಾಕಾ ಗುದ್ದಲಿಗೆ ಊದಿನ ಹೊಗೆ ತೋರಿಸಿ, ಕಣ್ಣುಮುಚ್ಚಿ, ಭಕ್ತಿಯಿಂದ ಮೊದಲ ಏಟು ಹಾಕಿದರು. ಉಳಿದವರು ಕೈ ಹಚ್ಚಿದರು. ಸ್ವಲ್ಪ ಹೊತ್ತಿಗೆ ಯಾರದೋ ಗುದ್ದಲಿಯ ಜೊತೆ ಮೇಲೆ ಬಂತು, ಕಿತ್ತಳೆ ಬಣ್ಣದ ಪೈಪಿನ ಚೂರು.

ನಮ್ಮ ಪಡಸಾಲೆಯ ಡಬ್ಬಿಯಲ್ಲಿ ಹಸಿರು ದೀಪ ಆರಿ ಕೆಂಪು ದೀಪ ಹತ್ತಿತು. ನಾನು ಹೊರಗೆ ಬಂದಾಗ ಹಲಗೆ ನಿಂತಿತ್ತು. ಎಲ್ಲರೂ ಕುಣಿಯೊಳಗೆ ಬಗ್ಗಿ ನೋಡುತ್ತಿದ್ದರು. ಕಾಕಾ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. "ನಾನ ತೋರಿಸಿದ್ನೆಲ್ಲೋ, ಇಲ್ಲೆ ಹಾಕ್ರಿ ಅಂತ ನಾನ ತೋರಿಸಿದ್ನೆಲ್ಲೋ" ಎಂದು ಅದೊಂದೇ ಮಾತು ಆಡುತ್ತಿದ್ದರು.

ಕೇಬಲ್ಲಿನವನು ಮರುದಿನವೇ ಬಂದ, ನೋಡಿದ, ತಲೆ ಕೆರೆದುಕೊಂಡ. "ಕುಣಿ ಮುಚ್ಚಿ ಕೊಡ್ರಿ, ಈಗ ಜೋಡಿಸಿ ಹೋಗತೇನಿ" ಎಂದ.

"ಗುದ್ದಲಿ ಬಿದ್ದ ಕುಣಿ ನಡುವ ಮುಚ್ಚಾಕ ಬರೂದಿಲ್ಲಪಾ. ದೇವರು ಹೊಳಿಗೆ ಹೋದಮ್ಯಾಲೆ ಮುಚ್ಚೂದು" ಎಂದರು ಕಾಕಾ.

ಮೇಲೆ ಕಂಬಕ್ಕೆ ಕಟ್ಟೋಣವೆಂದರೆ ಬೆಂಕಿಯ ಝಳಕ್ಕೆ ಕರಗುತ್ತದೆ. ಹಬ್ಬ ಮುಗಿದ ಮೇಲೆ ಮಾಡೋಣವೆಂದರೆ ಅವನಿಗೆ ಮುಂಡರಗಿ ಕಡೆ ಹೊಸ ಊರುಗಳಿಗೆ ಲೈನು ಎಳೆಯುವ ಕೆಲಸ ಹತ್ತಿತ್ತು. ಅಲ್ಲಿಗೆ ಹೋದರೆ ಯಾವಾಗ ಹೊಳ್ಳಿ ಬರುತ್ತೇನೋ ಹೇಳಲಾರೆ ಎಂದ. ಟೀಚರಿಗೆ ಫೋನು ಮಾಡಿದೆ. "ಈಗ ಬಿಟ್ರ ಹಿಂದಕ್ಕ ಹೋಗ್ತಾರ್ರಿ ಅಕ್ಕಾರ. ಹೆಂಗರ ಮಾಡಿ ಬಿಡಬ್ಯಾಡ್ರಿ" ಎಂದಳು. ಬೇವಿನ ಗಿಡದ ಕೆಳಗೆ ಮತ್ತೆ ಹೊರಸು ಹಾಕಿದೆ. ಮತ್ತೆ ಅದೇ ನಿಂತ ಚಿತ್ರ, ಅದೇ ಎಲ್ಲಿಂದಲೋ ಬರುವ ದನಿ. ಅತ್ತೆ ಮೊಬೈಲನ್ನು ಬೋರಲು ಹಾಕಿದರು. ಆ ಮಧ್ಯಾಹ್ನ ನೀರು ಬೇಕೆಂದು ನನ್ನನ್ನು ಕರೆದಾಗ ಅವರ ಬಾಯಿಂದ ಬಂದದ್ದು "ತಾ".

ನನ್ನ ಸಿಟ್ಟು ನೆತ್ತಿಗೇರಿತು. ಸೀದಾ ಮಸೂತಿಯ ಕಟ್ಟೆಗೆ ಹೋದೆ. ಯಾರ್ಯಾರಿದ್ದರೋ ನೋಡಲಿಲ್ಲ. "ಇಷ್ಟು ಮಂದಿ ಗಂಡಸರು ನಿಂತು ನೋಡಿದ್ರೆಲ್ಲಾ, ಒಬ್ಬರಿಗರ ನೆನಪಾಗಬಾರದಾ? ವರ್ಷಾ ತೋಡೂ ಕುಣಿ ಮರತು ಹೋಗತೈತೇನು? ನಮ್ಮತ್ತಿ ಬಾಯಾಗ ಈಗೀಗ ಎರಡು ಮಾತು ಬರಾಕ ಹತ್ತಿದ್ದು, ಅದನ್ನೂ ಕುಣ್ಯಾಗ ಹಾಕಿದ್ರಿ!" ಎಂದು ಬಾಯಿಗೆ ಬಂದದ್ದೆಲ್ಲ ಆಡಿದೆ. ನಾನೂ ಅವತ್ತು ಅಲ್ಲೇ ನಿಂತು ನೋಡಿದ್ದೆ ಎಂದು ಯಾರೂ ಎದುರು ಹೇಳಲಿಲ್ಲ. ಕಾಕಾ ನೆಲ ನೋಡುತ್ತ ನಿಂತಿದ್ದರು. ನಾನು ಮನೆಗೆ ಬಂದು ಒಲೆ ಹಚ್ಚಿದೆ.

ಮರುದಿನ ಬೆಳಕು ಹರಿಯುತ್ತಲೇ ಹೊರಗೆ ಕಲ್ಲು ಕೀಳುವ ಸಪ್ಪಳ ಕೇಳಿತು. ಬಾಗಿಲು ತೆಗೆದು ನೋಡಿದರೆ ಕಾಕಾ ಹಾರೆ ಹಿಡಿದು ತಮ್ಮ ಮನೆಯ ಮುಂದಿನ ಕಟ್ಟೆಯನ್ನು ತಾವೇ ಕೀಳುತ್ತಿದ್ದರು. ಗಾದಿ ಹೊಲಿಯುತ್ತ ಅವರು ಆಯುಷ್ಯ ಕಳೆದ ಕಟ್ಟೆ ಅದು.

"ಏನ್ ಮಾಡಾಕ ಹತ್ತೀರಿ ಕಾಕಾ?" ಎಂದೆ.

"ಕುಣಿ ಸರಿಸಾಕ ಬರೂದಿಲ್ಲ ಬೇ. ಪೈಪು ಸರಿಸಾಕ ಬರತೈತೆಲ್ಲ? ಈ ಕಡಿಂದ ಸುತ್ತು ಹಾಕಿ ಒಯ್ದ್ರ ಕುಣಿಗೂ ಹತ್ತೂದಿಲ್ಲ, ಬೆಂಕಿಗೂ ಹತ್ತೂದಿಲ್ಲ. ನಡುವ ನನ್ನ ಕಟ್ಟಿ ಬರತೈತಿ, ಅಷ್ಟ. ಆ ಕೇಬಲ್ಲಿನಾವ ಹೇಳ್ಯಾನ, ತಗ್ಗು ತಯಾರಿದ್ರ ಮುಂಡರಗಿಗೆ ಹೋಗೂದ್ರಾಗ ಬಂದು ಜೋಡಿಸಿ ಹೋಗ್ತಾನಂತ."

"ನಿನ್ನೆ ನಾ ಅಷ್ಟೆಲ್ಲ ಅಂದ್ನಿ, ಮನಸಿಗೆ ಹಚಗೋಬ್ಯಾಡ್ರಿ."

"ನೀ ಅಂದಿದ್ದು ಎಲ್ಲಿ ಸಾಕಾಗತೈತಿ? ವೈನಿ ಬೈಲಾರದ ಒಂದು ಹಬ್ಬನೂ ಹೋಗಿಲ್ಲ ನನಗ. ಈ ಸಲ ಸುಮ್ಮ ಕುಂತು ನೋಡ್ತಾರ, ಅದನ್ನ ನನಗ ತಡಕೊಳ್ಳಾಕ ಆಗವಲ್ದು" ಎಂದು ಕಾಕಾ ಹಾರೆ ಎತ್ತಿದರು.

ಮಳೆ ಬಂದು ಹೆಸರುಕಾಳು ಬಿತ್ತುವ ಹದ ಅದು. ಒಂದು ಮುಂಜಾನೆ ಕಳೆದರೆ ಹದ ಕಳೆದಂತೆ. ಆದರೂ ಲಾಡಿ ಹಾಕಿಕೊಂಡ ಫಕೀರರೆಲ್ಲ ಗುದ್ದಲಿ ತಂದರು. ನಮ್ಮ ಯಜಮಾನರೂ ಹೊಲಕ್ಕೆ ಹೊರಟವರು ಕೂರಿಗೆ ಇಳಿಸಿ ಬಂದರು. ಈ ಬಾರಿ ಮೆತ್ತನೆ ಮಣ್ಣಿರಲಿಲ್ಲ, ಗಟ್ಟಿ ಗರಸು, ಕಿಡಿ ಹಾರುವ ಗರಸು. ನಾನು ಬುಟ್ಟಿಯಲ್ಲಿ ಮಣ್ಣು ಹೊತ್ತೆ. ನಿನ್ನೆ ನನ್ನಿಂದ ಬೈಸಿಕೊಂಡವರೇ ನನ್ನ ತಲೆಯ ಮೇಲೆ ಬುಟ್ಟಿ ಎತ್ತಿ ಇಡುತ್ತಿದ್ದರು. "ಬೈದರ ಬೈದಿ, ಚಹಾ ಏನರ ಕೊಡ್ತಿಯೋ ಇಲ್ಲೋ" ಎಂದ ಒಬ್ಬ. ದೊಡ್ಡ ಪಾತೇಲಿಯಲ್ಲಿ ಚಹಾ ಇಟ್ಟೆ. ಅತ್ತೆ ಕಿಟಕಿಯ ಹತ್ತಿರ ಕೂತು ಎಲ್ಲ ನೋಡುತ್ತಿದ್ದರು.

ಬಿಸಿಲು ಇಳಿಯುವ ಮೊದಲೇ ಕೇಬಲ್ಲಿನವನು ಬಂದ. ಹೊಸ ಪೈಪನ್ನು ತಗ್ಗಿನಲ್ಲಿ ಇಳಿಸಿದೆವು. ಅವನು ತನ್ನ ಗಾಡಿಯೊಳಗೆ ಕೂತು, ಒಂದು ಸಣ್ಣ ಯಂತ್ರದಲ್ಲಿ, ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನು ಒಂದಕ್ಕೊಂದು ಬೆಸೆದ. ಉಸಿರು ಬಿಟ್ಟರೆ ಹಾರಿಹೋದಾವು ಎಂದು ನಾವೆಲ್ಲ ದೂರ ನಿಂತೆವು. ಇಷ್ಟು ಸಣ್ಣದರೊಳಗೆ ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳ ಬಾಯಿ, ಅವಳ ದನಿ, ನಮ್ಮ ಅತ್ತೆಯ ನಾಳೆ ಎಲ್ಲ ಹಾದು ಬರುತ್ತವೆ ಎಂದು ಅನ್ನಿಸಿ ನನಗೆ ಕೈಮುಗಿಯಬೇಕು ಅನ್ನಿಸಿತು. ಯಾರಿಗೆ ಮುಗಿಯಲಿ? ಈ ಕಡೆಯ ಊರುಗಳ ತನಕ ಗೆರೆ ಎಳೆದು ಇಲ್ಲಿಗೂ ಹಾಕಿ ಎಂದವರು ಯಾರೋ ನನಗೆ ಗೊತ್ತಿಲ್ಲ. ಬಿಸಿಲಲ್ಲಿ ತೋಡಿದ ಕೂಲಿಯವರು ಈಗ ಯಾವ ಊರಿನಲ್ಲಿದ್ದಾರೋ ಗೊತ್ತಿಲ್ಲ. ಎದುರಿಗಿದ್ದ ಕೇಬಲ್ಲಿನವನಿಗೇ, "ನಿನ್ನ ಹೊಟ್ಟಿ ತಣ್ಣಗಿರ್ಲಿ ಯಪ್ಪಾ" ಎಂದೆ. "ಹೊಟ್ಟಿ ಖಾಲಿ ಐತಿ ಅಕ್ಕಾರ" ಎಂದ. ಎರಡು ರೊಟ್ಟಿ ಕಟ್ಟಿ ಕೊಟ್ಟೆ. ಡಬ್ಬಿಯಲ್ಲಿ ಹಸಿರು ದೀಪ ಹತ್ತಿತ್ತು.

ಮರುದಿನ ಮುಂಜಾನೆ ಅತ್ತೆಗೆ ತಲೆ ಬಾಚಿ, ಹಿಟ್ಟಿನ ಡಬ್ಬಿಗೆ ಮೊಬೈಲು ಆನಿಸಿದೆ. ಓಣಿಯ ಹೆಂಗಸರು ಬಂದು ಕೂತರು. ಕಾಕಾ ಒಳಗೆ ಬರದೆ ಬಾಗಿಲಲ್ಲೇ ನಿಂತರು. ಮತ್ತೆ "ಪಾ"ದಿಂದ ಶುರುವೋ, ಅದೂ ಹೋಗಿದೆಯೋ?

ಟೀಚರ್ ಬಂದಳು. ಅತ್ತೆಯನ್ನು ನೋಡಿ ಮುಖವೆಲ್ಲ ನಗುವಾಗಿ, "ಅಜ್ಜೀ! ಎಲ್ಲಿ ಹೋಗಿದ್ರಿ? ಸಾಲಿ ತಪ್ಪಿಸಿದ್ರೆಲ್ಲಾ, ಏನಾಗಿತ್ತು?" ಎಂದು ಕೇಳಿದಳು.

ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು. "ಅದೇನಾತ್ರಿ ಅಂದ್ರ" ಎಂದೆ. ಅತ್ತೆಯ ಎಡಗೈ ಬಂದು ನನ್ನ ತೊಡೆಯ ಮೇಲೆ ಛಟ್ಟನೆ ಬಿತ್ತು. ಸುಮ್ಮನಿರು ಎಂದು ಅದರ ಅರ್ಥ. ಆ ಹೊಡೆತ ನನಗೆ ಚೆನ್ನಾಗಿ ಗೊತ್ತು. ನಾನು ಸುಮ್ಮನಾದೆ. ಟೀಚರ್ ಕಾದಳು. ಎಲ್ಲರೂ ಕಾದರು. ಅತ್ತೆಯ ತುಟಿಗಳು ನಡುಗಿದವು.

"ಕುಣಿ" ಎಂದರು.

ಆ ಮಾತನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಟೀಚರ್ ಉಸಿರು ಬಿಡದೆ ನೋಡುತ್ತಿದ್ದಳು. "ಕುಣಿ... ತೋಡ್ಯಾರ" ಎಂದರು ಅತ್ತೆ. ಬಾಗಿಲಲ್ಲಿದ್ದ ಕಾಕಾ "ಯಾ ಅಲ್ಲಾ" ಎಂದು ಚೌಕಟ್ಟು ಹಿಡಿದುಕೊಂಡರು. ಇಷ್ಟಕ್ಕೇ ನಿಂತಿದ್ದರೂ ನನಗೆ ಈ ಜನ್ಮಕ್ಕೆ ಸಾಕಾಗುತ್ತಿತ್ತು. ಆದರೆ ಅವರು ನಿಲ್ಲಲಿಲ್ಲ. ಗದ್ದವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.

"ಈಕಿ... ಅತ್ತಾಳ."

ಮಸೂತಿಯ ಕಟ್ಟೆಯಲ್ಲಿ ಕೂಗಾಡಿ ಬಂದು ಒಲೆ ಹಚ್ಚಿದೆ ಎಂದು ಮೇಲೆ ಬರೆದೆನಲ್ಲ, ನಡುವಿನ ಒಂದು ಮಾತನ್ನು ಬಿಟ್ಟಿದ್ದೆ. ಒಲೆ ಹಚ್ಚುವ ಮೊದಲು ಹಿತ್ತಲಿಗೆ ಹೋಗಿ, ಸಗಣಿ ಕುಳ್ಳಿನ ರಾಶಿಯ ಹಿಂದೆ ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಿದ್ದೆ. ಅತ್ತೆ ಒಳಗೆ ಮಲಗಿದ್ದಾರೆ ಎಂದುಕೊಂಡಿದ್ದೆ. ಗಂಡನಿಗೂ ಹೇಳಿರಲಿಲ್ಲ, ನಿಮಗೂ ಹೇಳುವವಳಿರಲಿಲ್ಲ.

ಓಣಿಯ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. "ಖರೇನ್ರಿ ಅಕ್ಕಾರ?" ಎಂದಳು ಟೀಚರ್.

"ಇಲ್ರಿ, ಏನರ ಹೇಳ್ತಾರ. ನಾ ಯಾಕ ಅಳ್ಲಿ?" ಎಂದೆ.

ಅತ್ತೆ ನನ್ನನ್ನು ನೋಡಿದರು. ಹಳೆಯ ನೋಟ ಅದು, ಸುಳ್ಳು ಹೇಳಿದ ಸೊಸೆಯನ್ನು ನೋಡುವ ನೋಟ.

"ಖರೆ" ಎಂದರು. ಆಮೇಲೆ ಬಹಳ ಹೊತ್ತು ಬಾಯಿಯ ಜೊತೆ ಗುದ್ದಾಡಿ, ಒಂದೊಂದೇ ಅಕ್ಷರ ಎತ್ತಿಟ್ಟು, "ನನ್ನ... ಸಲವಾಗಿ" ಎಂದರು.